ವಂಕಿ ತೆಗೆಸೋ ಮುಂಚೆ ಇದನ್ನ ಓದಿ | ಹೇಳೋಕೆ ನಾಚಿಕೆ ಯಾಕೆ? ಭಾಗ 9

"ಬಿಳಿ ಸೆರಗು ಹೋಗ್ತಿದೆ, ವಾಸನೆ ಬೇರೆ. ಎಲ್ಲಾ ಆ ಕಾಪರ್-ಟಿಯಿಂದ್ಲೇ, ತೆಗೆಸಿಬಿಡು."

ಈ ಸಲಹೆ ಕೊಡೋಕೆ ಅತ್ತೆ, ಅಕ್ಕ, ಪಕ್ಕದ್ಮನೆಯವರು ಎಲ್ರೂ ರೆಡಿ. ನನ್ನ ಅಭಿಪ್ರಾಯ ಹೇಳ್ತೀನಿ: ತೆಗೆಸೋದು ಮೊದಲನೇ ಹೆಜ್ಜೆ ಅಲ್ಲ. ಪರೀಕ್ಷೆ ಮಾಡಿಸೋದು ಮೊದಲನೇ ಹೆಜ್ಜೆ.

ತೆಳ್ಳಗಿನ ಬೂದು-ಬಿಳಿ ಸ್ರಾವ, ಮೀನಿನಂಥ ವಾಸನೆ ಇದ್ರೆ ಅದು ಬ್ಯಾಕ್ಟೀರಿಯಲ್ ವಜೈನೋಸಿಸ್ (ಬಿವಿ) ಇರಬಹುದು. ಯೋನಿಯನ್ನು ಆಮ್ಲೀಯವಾಗಿ ಇಡೋ ಲ್ಯಾಕ್ಟೋಬ್ಯಾಸಿಲಸ್ ಕಡಿಮೆಯಾಗಿ, ಬೇರೆ ಬ್ಯಾಕ್ಟೀರಿಯಾ ಹೆಚ್ಚಾದಾಗ ಹೀಗಾಗುತ್ತೆ. ಕಾಪರ್-ಟಿ ಇರೋರಲ್ಲಿ ಇದು ಸ್ವಲ್ಪ ಜಾಸ್ತಿ ಕಾಣಿಸುತ್ತೆ, ನಿಜ. ಮುಟ್ಟಿನ ರಕ್ತಸ್ರಾವ ಹೆಚ್ಚಾಗೋದು ಅದಕ್ಕೊಂದು ಕಾರಣ ಇರಬಹುದು. ರಕ್ತ ಆ ಆಮ್ಲೀಯತೆಯನ್ನ ತಗ್ಗಿಸುತ್ತೆ. ಇದು ಕೊಳಕಲ್ಲ. ಉಷ್ಣವೂ ಅಲ್ಲ.

ವಂಕಿ ಒಳಗಿದ್ರೂ ಚಿಕಿತ್ಸೆ ಆಗುತ್ತೆ. ಸಾಮಾನ್ಯವಾಗಿ ಡಾಕ್ಟ್ರು ಬರೆಯೋದು ಮೆಟ್ರೊನಿಡಜೋಲ್ 500 ಮಿ.ಗ್ರಾಂ, ದಿನಕ್ಕೆ 2 ಸಲ, 7 ದಿನ. ಮೂರನೇ ದಿನಕ್ಕೆ ವಾಸನೆ ಹೋಯ್ತು ಅಂತ ನಿಲ್ಲಿಸ್ಬೇಡಿ. ಸುವಾಸನೆಯ ವಾಶ್‌ನಿಂದ ಒಳಗೆಲ್ಲ ತೊಳೀಬೇಡಿ, ಇರೋ ಒಳ್ಳೆ ಬ್ಯಾಕ್ಟೀರಿಯಾನೂ ಹೋಗುತ್ತೆ.

ಆದ್ರೂ ಮತ್ತೆ ಮತ್ತೆ ಬರುತ್ತೆ ಅಲ್ವಾ? ಇಲ್ಲೇ ನನ್ನ ಸಿಟ್ಟು.

2025ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಒಬ್ಬನೇ ಸಂಗಾತಿ ಇರೋ ಬಿವಿ ರೋಗಿಗಳ ಮೇಲೆ ನಡೆಸಿದ ಅಧ್ಯಯನ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಹೆಂಗಸಿಗೆ ಮಾತ್ರ ಚಿಕಿತ್ಸೆ ಕೊಟ್ಟಾಗ 12 ವಾರದೊಳಗೆ ಶೇ. 63 ಜನರಿಗೆ ಬಿವಿ ಮರಳಿತು. ಗಂಡಸಿಗೂ ಮಾತ್ರೆ, ಜೊತೆಗೆ ಹಚ್ಚೋ ಕ್ರೀಮ್ ಕೊಟ್ಟಾಗ ಶೇ. 35ಕ್ಕೆ ಇಳೀತು. ಅಂದ್ರೆ ಬ್ಯಾಕ್ಟೀರಿಯಾ ಇಬ್ಬರ ಮಧ್ಯೆ ಓಡಾಡ್ತಿತ್ತು. ನಾವು ಮಾತ್ರ ವಂಕಿಯನ್ನ ಬೈಕೊಂಡು ಕೂತಿದ್ವಿ!

ಕಾಪರ್-ಟಿ 380ಎ 10 ವರ್ಷ ಕೆಲಸ ಮಾಡುತ್ತೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಅದನ್ನ ತೆಗೆಸಿದ್ಮೇಲೆ ಬೇಡದ ಗರ್ಭದ ಭಯ ಯಾರಿಗೆ? ಅವಳಿಗೇ. ಆಪರೇಷನ್ ಮಾಡಿಸ್ಕೋ ಅಂತ ಹೇಳೋದೂ ಅವಳಿಗೇ. ಅವನು ಒಂದು ವಾರ ಮಾತ್ರೆ ನುಂಗೋಕಾಗಲ್ವಾ?

ಪದೇಪದೇ ಬಂದು ಸಾಕಾಗಿದ್ರೆ ತೆಗೆಸಿ, ಬೇರೆ ವಿಧಾನ ನೋಡಿ. ಆ ತೀರ್ಮಾನ ನಿಮ್ಮದು, ಡಾಕ್ಟ್ರ ಜೊತೆ ಮಾತಾಡಿ ತಗೊಳ್ಳಿ. ಜ್ವರ, ಕೆಳಹೊಟ್ಟೆ ನೋವು ಇದ್ರೆ ಅಥವಾ ಗರ್ಭಿಣಿ ಅನ್ನೋ ಅನುಮಾನ ಇದ್ರೆ ಕಾಯ್ಬೇಡಿ, ತಕ್ಷಣ ತೋರಿಸಿ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಒಂದು ಪ್ರಶ್ನೆ ಕೇಳಿ: "ಡಾಕ್ಟ್ರೇ, ನಮ್ಮ ಯಜಮಾನ್ರಿಗೂ ಔಷಧಿ ಬೇಕಾ?"

ಸೇವ್ ಮಾಡಿ. ಅಕ್ಕ-ತಂಗಿಗೆ ಕಳಿಸಿ. ಧೈರ್ಯ ಇದ್ರೆ ಗಂಡನಿಗೂ ಕಳಿಸಿ 🙂

#ಹೆಣ್ಮಕ್ಕಳಆರೋಗ್ಯ #ಕಾಪರ್‌ಟಿ #ಬಿಳಿಸೆರಗು