ಕನ್ನಡಿಯೊಳಗಿನ ಮುದುಕ

ತೈಲವರ್ಣವು ಅವಸರವನ್ನರಿಯದು. ಅಗಸೆಯೆಣ್ಣೆಯಲ್ಲಿ ಅರೆದ ಬಣ್ಣ ಜಲವರ್ಣದಂತೆ ಒಡನೆ ಆರದೆ ದಿನಗಟ್ಟಲೆ ಹಸಿಯಾಗಿರುವುದುಂಟು. ಕೆನ್ನೆಯ ಬೆಳಕನ್ನು ಗದ್ದದ ನೆರಳಿನೊಳಗೆ ಮೆಲ್ಲನೆ ಕರಗಿಸಲು, ಮನಸ್ಸಿಗೊಪ್ಪದ ಗೆರೆಯನ್ನು ಒರೆಸಿ ಮತ್ತೆ ಬರೆಯಲು, ಚಿತ್ರಕಾರನಿಗೆ ಇದರಿಂದ ಎಡೆಯುಂಟು. ಮನುಷ್ಯನ ಮೈಬಣ್ಣವನ್ನು ಇದ್ದಂತೆಯೇ ಮೂಡಿಸಲು ಇದು ಬಲು ಅನುಕೂಲವಾದ ಸಾಧನ.

ಆದರೆ ಹೋಲಿಕೆಯನ್ನು ಹಿಡಿಯುವುದಕ್ಕಿಂತ ಅದನ್ನು ಒಪ್ಪಿಕೊಳ್ಳುವುದು ಕಷ್ಟ. ಹಣ ತೆತ್ತು ಚಿತ್ರ ಬರೆಸುವವರು ತಮ್ಮ ಮುಖದಿಂದ ಹತ್ತು ವರ್ಷಗಳನ್ನಾದರೂ ಕಳೆಯಬೇಕೆಂದು ಬಯಸುವುದು ಸಹಜ. ಹಾಲೆಂಡಿನ ರೆಂಬ್ರಾಂಟನು ತನಗೆ ಆ ರಿಯಾಯಿತಿಯನ್ನು ಕೊಟ್ಟುಕೊಳ್ಳಲಿಲ್ಲ. 1656ರಲ್ಲಿ ಅವನು ದಿವಾಳಿಯಾದನು. ಮನೆಯೂ, ಕೂಡಿಟ್ಟ ಕಲಾವಸ್ತುಗಳೂ ಕೈಬಿಟ್ಟವು. 1663ರಲ್ಲಿ ಬಾಳಸಂಗಾತಿ ಹೆಂಡ್ರಿಕ್ಯ, 1668ರಲ್ಲಿ ಮಗ ಟೈಟಸ್ ತೀರಿಕೊಂಡರು. ಮರುವರ್ಷ, ಬಾಳಿನ ಕೊನೆಯ ವರ್ಷದಲ್ಲಿ, 63ರ ವೃದ್ಧನು ಕನ್ನಡಿಯನ್ನು ನೋಡಿ ತನ್ನನ್ನೇ ಬರೆದನು.

ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಆ ಚಿತ್ರದಲ್ಲಿ ಜೋತ ಕೆನ್ನೆ, ಉಬ್ಬಿದ ಮೂಗು, ನೆರಿಗೆಗಟ್ಟಿದ ಹಣೆ, ಯಾವುದೂ ಮರೆಯಾಗಿಲ್ಲ. ಬೆಳಕು ಬಿದ್ದೆಡೆ ಬಣ್ಣ ದಪ್ಪ; ನೆರಳಿನಲ್ಲಿ ತೆಳು. ಕ್ಷ-ಕಿರಣಗಳ ಪರೀಕ್ಷೆಯಿಂದ ಇನ್ನೊಂದು ಸಂಗತಿಯೂ ಹೊರಬಿದ್ದಿತು. ಮೊದಲು ಬರೆದಾಗ ಅವನ ಕೈಯಲ್ಲಿ ಕುಂಚವಿದ್ದಿತು. ಬಳಿಕ ಅದನ್ನು ಅಳಿಸಿ, ಕೈಗಳನ್ನು ಸುಮ್ಮನೆ ಒಂದರೊಡನೊಂದು ಹೆಣೆದಿದ್ದಾನೆ.

ಕಸುಬಿನ ಕುರುಹನ್ನೇ ಅಳಿಸಿದವನು ಮುಪ್ಪಿನ ಕುರುಹೊಂದನ್ನೂ ಅಳಿಸಲಿಲ್ಲ. ಮನೆಯ ಹಿರಿಯರ ಚಿತ್ರವನ್ನು ಬರೆಸುವವರು, “ಸುಕ್ಕುಗಳನ್ನು ಸ್ವಲ್ಪ ತೀಡಿಬಿಡಿ” ಎಂದು ಚಿತ್ರಕಾರನಿಗೆ ಹೇಳುವ ಮುನ್ನ ಈ ಮುದುಕನನ್ನು ಒಮ್ಮೆ ನೆನೆಯಬಹುದು. ಮೊಮ್ಮಕ್ಕಳು ಗುರುತಿಸುವುದು ಆ ಸುಕ್ಕುಗಳನ್ನೇ.