ಗೊಡ್ಡು ನಾಯಿಯಲ್ಲ, ನಮ್ಮ ಲೆಕ್ಕ ಗೊಡ್ಡು

ಹೋದ ವಾರ ಕೆಲಸದ ಮೇಲೆ ಸವದತ್ತಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡ್ ಹತ್ತಿರ ಚಹಾ ಕುಡಿಯುತ್ತಾ ನಿಂತಿದ್ದಾಗ ಪರಿಚಯದವರೊಬ್ಬರು ಸಿಕ್ಕರು. ನನ್ನ ನಾಯಿ ಹುಚ್ಚು ಅವರಿಗೆ ಗೊತ್ತು. ಅದೂ ಇದೂ ಮಾತಾಡಿ ಕಡೆಗೆ ವಿಷಯಕ್ಕೆ ಬಂದರು.

"ಸರ, ನಮ್ಮ ಮನ್ಯಾಗ ಒಂದು ಮುಧೋಳ ಹೆಣ್ಣು ನಾಯಿ ಐತಿ. ರೊಕ್ಕ ಬ್ಯಾಡ, ಸುಮ್ನ ಒಯ್ರಿ. ಗೊಡ್ಡ ಐತಿ ಅದು. ಎರಡು ಸಲ ಕ್ರಾಸ್ ಮಾಡಿಸೇವಿ, ನಿಲ್ಲವಲ್ದು. ನೀವು ಒಯ್ಯಲಿಲ್ಲಂದ್ರ ಎಲ್ಲೆರ ಗುಡ್ಡದ ದಾರ್ಯಾಗ ಬಿಟ್ಟು ಬರ್ತೇನಿ."

"ಎಷ್ಟನೇ ದಿನ ಕ್ರಾಸ್ ಮಾಡಿಸಿದ್ರಿ?"

"ಹನ್ನೊಂದನೇ ದಿನ. ಎರಡೂ ಸಲ ಹನ್ನೊಂದನೇ ದಿನಾನ. ಲೆಕ್ಕ ತಪ್ಪಿಲ್ಲ ನೋಡ್ರಿ!"

ಲೆಕ್ಕ ತಪ್ಪಿರಲಿಕ್ಕಿಲ್ಲ. ಆದರೆ ಆ ಲೆಕ್ಕ ಅವರದು, ನಾಯಿಯದಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ... ನಮ್ಮ ಈ ಸುತ್ತಿನಲ್ಲಿ ಎಲ್ಲಿ ಕೇಳಿದರೂ ಇದೇ ಮಾತು. ರಕ್ತ ಕಂಡ ದಿನದಿಂದ ಎಣಿಸು, ಒಂಬತ್ತೋ ಹನ್ನೊಂದೋ ಹದಿಮೂರೋ ಆದಾಗ ಗಂಡಿನ ಹತ್ತಿರ ಒಯ್ಯಿ, ನಿಲ್ಲಲಿಲ್ಲವೋ, ಗೊಡ್ಡು ಅನ್ನು. ಇದರ ಮೇಲೆ ನನಗೆ ಬಹಳ ದಿನದಿಂದ ಸಿಟ್ಟಿದೆ. ಇವತ್ತು ಬರೆದೇ ಬಿಡುತ್ತೇನೆ.

ನನಗೇನು ಹುಟ್ಟಿನಿಂದ ಈ ಬುದ್ಧಿ ಇರಲಿಲ್ಲ. ನಮ್ಮ ಚಂಪಿಯನ್ನು ಮುಧೋಳದ ಕಡೆಯಿಂದ ಎರಡು ತಿಂಗಳ ಮರಿ ಇದ್ದಾಗ ತಂದಿದ್ದೆ. ಎರಡು ವರ್ಷ ತುಂಬಿದ ಮೇಲೆ ಒಮ್ಮೆ ಮರಿ ಹಾಕಿಸೋಣ ಅನ್ನಿಸಿತು. ರಾಮದುರ್ಗದ ಆಚೆ ಒಂದು ಹಳ್ಳಿಯಲ್ಲಿ ಒಳ್ಳೆ ಗಂಡು ಇತ್ತು. ಅದರ ಮಾಲೀಕರಿಗೆ ಪುರಸೊತ್ತು ಸಿಗೋದು ಭಾನುವಾರ ಮಾತ್ರ. ಲೆಕ್ಕ ಹಾಕಿದರೆ ಆ ಭಾನುವಾರ ಹತ್ತನೇ ದಿನ. ಹತ್ತಾದರೇನು ಹನ್ನೊಂದಾದರೇನು ಅಂತ ಗಾಡಿ ಬಾಡಿಗೆ ಮಾಡಿಕೊಂಡು ಹೊರಟೆ.

ಚಂಪಿ ಅಲ್ಲಿ ಬಾಲ ಕಾಲೊಳಗೆ ಸೇರಿಸಿ ಕೂತುಬಿಟ್ಟಳು. ಗಂಡು ಹತ್ತಿರ ಬಂದರೆ ಹಲ್ಲು ತೋರಿಸಿದಳು. ಅಷ್ಟು ಸ್ಪಷ್ಟವಾಗಿ "ಇವತ್ತು ಅಲ್ಲ" ಅಂತ ಯಾರೂ ಹೇಳಲಾರರು. ನಾವು ಕೇಳಲಿಲ್ಲ. ಟವೆಲಿನಿಂದ ಬಾಯಿ ಕಟ್ಟಿ, ಮೂರು ಜನ ಹಿಡಿದು ನಿಲ್ಲಿಸಿದೆವು. ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಆಮೇಲೆ? ಐದಾರು ವಾರಕ್ಕೆ ಹೊಟ್ಟೆ ಬಂತು. ಎಂಟನೇ ವಾರ ಮೊಲೆಯಲ್ಲಿ ಹಾಲೂ ಬಂತು. ಮಗಳ ಕಾಲುಚೀಲ ಕದ್ದೊಯ್ದು ಮೂಲೆಯಲ್ಲಿ ಹಾಸಿಕೊಂಡು ಕಾಯತೊಡಗಿದಳು. ನಾನು ಇಬ್ಬರಿಂದ ಮರಿಗೆ ಮುಂಗಡ ಕೂಡ ತಗೊಂಡೆ! 63 ದಿನ ಆಯಿತು, 65 ಆಯಿತು, 70 ಆಯಿತು. ಮರಿ ಇಲ್ಲ. ಹಾಲು ತಾನಾಗಿ ಬತ್ತಿತು. ಮುಂಗಡ ತಿರುಗಿ ಕೊಟ್ಟೆ. "ಗೊಡ್ಡ ಬಿದ್ದಿರಬೇಕು" ಅಂದರು ಮನೆಯ ಹಿರಿಯರು. ಅರ್ಧ ನಾನೂ ನಂಬಿದ್ದೆ.

ನನ್ನ ಕಣ್ಣು ತೆರೆಸಿದವರು ಒಬ್ಬ ತರುಣ ಪಶುವೈದ್ಯರು. ಅವರು ಮೊದಲು ಕೇಳಿದ ಪ್ರಶ್ನೆ, "ನಿಮ್ಮ ಮನೆಯಲ್ಲಿ ಆಕಳು ಇದೆಯೇ?" ಇದೆ ಅಂದೆ. "ಅದಕ್ಕೇ ನೀವು ತಪ್ಪಿದ್ದು" ಅಂದರು.

ನೋಡಿ, ನಾವು ರೈತರ ಮನೆಯವರು. ಆಕಳ ಬೆದೆ ನಮಗೆ ಚೆನ್ನಾಗಿ ಗೊತ್ತು. ಅದು ಅರ್ಧ ದಿನ, ಹೆಚ್ಚೆಂದರೆ ಮುಕ್ಕಾಲು ದಿನದ ಆಟ. ಬೆಳಿಗ್ಗೆ ಕಂಡರೆ ಸಂಜೆ ಸೂಜಿ ಮಾಡಿಸು, ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ಆಕಳಿಗೆ ರಕ್ತ ಕಂಡಿತು ಅಂದರೆ ಬೆದೆ ಮುಗಿದು ಹೋಗಿದೆ, ತಡವಾಯಿತು ಅಂತ ಅರ್ಥ. ಹಾಗಾಗಿ ರಕ್ತ ಕಂಡರೆ ನಮಗೆ ಗಡಿಬಿಡಿ. ಆದರೆ ನಾಯಿಯದು ತದ್ವಿರುದ್ಧ! ನಾಯಿಗೆ ರಕ್ತ ಬರೋದು ಬೆದೆಯ ಮೊದಲು. ಅದು ಬರೀ ತಯಾರಿಯ ಹಂತ. ಸರಾಸರಿ 9 ದಿನ ಅನ್ನುತ್ತಾರೆ, ಆದರೆ ಕೆಲವಕ್ಕೆ ಮೂರ್ನಾಲ್ಕೇ ದಿನ, ಕೆಲವಕ್ಕೆ ಎರಡು ವಾರದ ಮೇಲೆ. ಆಮೇಲೆ ಗಂಡನ್ನು ಒಪ್ಪುವ ಹಂತ. ಅದರದೂ ಸರಾಸರಿ 9 ದಿನ, ಅದೂ ಹಾಗೇ ಹಿಗ್ಗುತ್ತದೆ, ಕುಗ್ಗುತ್ತದೆ. ಈ ಎರಡು ಸರಾಸರಿಗಳನ್ನು ಕೂಡಿಸಿ "ಹನ್ನೊಂದನೇ ದಿನ" ಅನ್ನೋದು, ಊರಿನ ಸರಾಸರಿ ಅಳತೆಯ ಚಪ್ಪಲಿ ಎಲ್ಲರಿಗೂ ಹಾಕಿದ ಹಾಗೆ.

ಇನ್ನೊಂದು ವಿಚಿತ್ರ ಇದೆ. ಹೆಚ್ಚಿನ ಪ್ರಾಣಿಗಳಲ್ಲಿ ಅಂಡ ಹೊರಬಂದಾಗ ಬಸಿರಿಗೆ ತಯಾರಾಗಿರುತ್ತದೆ. ನಾಯಿಯ ಅಂಡ ಹೊರಬಿದ್ದಾಗ ಇನ್ನೂ ಹಸಿಕಾಯಿ. ಹಣ್ಣಾಗಲು ಇನ್ನೆರಡು ಮೂರು ದಿನ ಬೇಕು. ಹಣ್ಣಾದ ಮೇಲೆ ಬಾಳೋದೂ ಎರಡು ಮೂರು ದಿನ. ಗಂಡಿನ ಬೀಜ ಒಳಗೆ ಐದಾರು ದಿನ ಜೀವ ಹಿಡಿದಿರಬಲ್ಲದು, ಅದಕ್ಕೇ ಸ್ವಲ್ಪ ಬೇಗ ಕೂಡಿಸಿದರೂ ಕೆಲವೊಮ್ಮೆ ಮರಿಯಾಗುತ್ತವೆ. ಆ "ಕೆಲವೊಮ್ಮೆ"ಯನ್ನೇ ನಾವು ನಿಯಮ ಮಾಡಿಕೊಂಡಿದ್ದೇವೆ.

ಹಾಗಾದರೆ ದಿನ ತಿಳಿಯೋದು ಹೇಗೆ? ಮೊದಲು ನಾಯಿಯನ್ನೇ ಕೇಳಬೇಕು. ಕೆಂಪು ಸ್ರಾವ ತಿಳಿಯಾಗಿ ಹುಲ್ಲಿನ ಬಣ್ಣಕ್ಕೆ ಬರುತ್ತದೆ. ಬಿಗಿಯಾಗಿ ಊದಿದ್ದ ಯೋನಿ ಮೆತ್ತಗಾಗುತ್ತದೆ. ಸೊಂಟದ ಮೇಲೆ ಕೈಯಿಟ್ಟರೆ ಬಾಲ ಪಕ್ಕಕ್ಕೆ ಸರಿಸಿ ನಿಲ್ಲುತ್ತಾಳೆ. ಆದರೆ ಇಷ್ಟೇ ಸಾಲದು. ಕೆಲವು ನಾಯಿಗಳಿಗೆ ಕೊನೆವರೆಗೂ ಕೆಂಪು ಹೋಗೋದಿಲ್ಲ, ಕೆಲವು ಅಂಡ ಬರುವ ಎಷ್ಟೋ ದಿನ ಮೊದಲೇ ನಿಂತುಬಿಡುತ್ತವೆ.

ಎರಡನೆಯದು ಸ್ಮಿಯರ್. ಉಪ್ಪುನೀರಲ್ಲಿ ಅದ್ದಿದ ಹತ್ತಿ ಕಡ್ಡಿಯಿಂದ ಯೋನಿಯ ಒಳಗೋಡೆ ಸವರಿ, ಗಾಜಿನ ಪಟ್ಟಿಗೆ ಒರೆಸಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡೋದು. ನಾಯಿಗೆ ನೋವಿಲ್ಲ. ಡಾಕ್ಟರು ನನಗೂ ತೋರಿಸಿದರು. ಮೊದಲ ದಿನ ಕೋಶಗಳು ದುಂಡಗೆ, ನಡುವೆ ಬೊಟ್ಟು ಇಟ್ಟ ಹಾಗೆ ಕೇಂದ್ರಕ. ಒಂದು ವಾರದ ಮೇಲೆ ನೋಡಿದರೆ ಅವೇ ಅಗಲವಾಗಿ, ಮೂಲೆ ಮೂಲೆಯಾಗಿ, ಅಂಚು ಮಡಚಿದ ಒಣರೊಟ್ಟಿಯ ಹಾಗೆ, ನಡುವಿನ ಬೊಟ್ಟೇ ಮಾಯ! ಹತ್ತರಲ್ಲಿ ಎಂಟೊಂಬತ್ತು ಕೋಶ ಹೀಗಾದವು ಅಂದರೆ ಬೆದೆ ಬಂದಂತೆ. ಎರಡು ದಿನಕ್ಕೊಮ್ಮೆ ನೋಡಬೇಕು, ಒಮ್ಮೆ ನೋಡಿದರೆ ಪ್ರಯೋಜನವಿಲ್ಲ.

ಸ್ಮಿಯರ್ ಬೆದೆ ಹೇಳುತ್ತದೆ, ಅಂಡ ಬಿಟ್ಟ ದಿನ ಹೇಳೋದಿಲ್ಲ. ಅದಕ್ಕೆ ರಕ್ತದಲ್ಲಿ ಪ್ರೊಜೆಸ್ಟರಾನ್ ನೋಡಬೇಕು. ಮೊದಲು ಒಂದು ನ್ಯಾನೋಗ್ರಾಂಗಿಂತ ಕಡಿಮೆ ಇರುತ್ತದೆ. ಎರಡು ಮೂರಕ್ಕೆ ಏರಿತು ಅಂದರೆ ಇನ್ನೆರಡು ದಿನದಲ್ಲಿ ಅಂಡ ಬರುತ್ತದೆ. ಐದರಿಂದ ಎಂಟರ ನಡುವೆ ಇದ್ದರೆ ಅಂಡ ಬರುತ್ತಿರುವ ಹೊತ್ತು. ಅಲ್ಲಿಂದ ಎರಡು ದಿನ ಬಿಟ್ಟು ಕೂಡಿಸಬೇಕು. ಈ ಹಾರ್ಮೋನು ಮನುಷ್ಯರಲ್ಲೂ ನಾಯಿಯಲ್ಲೂ ಒಂದೇ. ಹಾಗಾಗಿ ಮನುಷ್ಯರ ರಕ್ತ ನೋಡುವ ಎಷ್ಟೋ ಪ್ರಯೋಗಾಲಯಗಳ ಯಂತ್ರ ಇದನ್ನೂ ಅಳೆಯಬಲ್ಲದು.

ಚಂಪಿಯ ಮುಂದಿನ ಬೆದೆಯಲ್ಲಿ ಹೀಗೇ ಮಾಡಿದೆವು. ಅವಳ ಅಂಡ ಬಂದದ್ದು ಹದಿನೈದನೇ ದಿನ! ಹದಿನೇಳಕ್ಕೊಮ್ಮೆ, ಹತ್ತೊಂಬತ್ತಕ್ಕೊಮ್ಮೆ ಕೂಡಿಸಿದೆವು. ಅದೇ ರಾಮದುರ್ಗದ ಗಂಡು, ಅದೇ ಅಂಗಳ. ಈ ಸಲ ಯಾರೂ ಹಿಡಿಯಬೇಕಾಗಲಿಲ್ಲ. ಹಿಂದಿನ ಸಲ ನಾವು ಒಯ್ದದ್ದು ಹತ್ತನೇ ದಿನ. ಗೊಡ್ಡು ಯಾರು ಈಗ ಹೇಳಿ :-)

ಇನ್ನು ಗಬ್ಬ ನಿಂತಿತೋ ಇಲ್ಲವೋ ಅನ್ನುವ ಮಾತು. ಇಲ್ಲಿ ಮೋಸ ಹೋಗೋದು ಇನ್ನೂ ಸುಲಭ. ಹೆಣ್ಣು ನಾಯಿಯ ಮೈಯಲ್ಲಿ ಬೆದೆ ಮುಗಿದ ಮೇಲೆ, ಮರಿ ಇರಲಿ ಬಿಡಲಿ, ಸುಮಾರು ಎರಡು ತಿಂಗಳು ಒಂದೇ ಹಾರ್ಮೋನಿನ ಆಟ ನಡೆಯುತ್ತದೆ. ಅದಕ್ಕೇ ಚಂಪಿಗೆ ಸುಳ್ಳು ಬಸಿರಾದದ್ದು, ಹಾಲು ಬಂದದ್ದು. ಅವಳು ನಾಟಕ ಮಾಡಲಿಲ್ಲ, ಅವಳ ಮೈಯೇ ಅವಳಿಗೆ ಹಾಗೆ ಹೇಳಿತ್ತು. ಪ್ರೊಜೆಸ್ಟರಾನ್ ಪರೀಕ್ಷೆಯೂ ಇಲ್ಲಿ ಉಪಯೋಗಕ್ಕೆ ಬರೋದಿಲ್ಲ. ಮೆಡಿಕಲ್ ಅಂಗಡಿಯಿಂದ ಹೆಂಗಸರ ಮೂತ್ರ ಪರೀಕ್ಷೆಯ ಪಟ್ಟಿ ತಂದು ನೋಡಿದವರೂ ಇದ್ದಾರೆ. ಆ ಪಟ್ಟಿ ಹುಡುಕುವ ಹಾರ್ಮೋನು ನಾಯಿಯಲ್ಲಿ ಇಲ್ಲವೇ ಇಲ್ಲ!

ನಂಬಬೇಕಾದ್ದು ಇಷ್ಟು. 25ರಿಂದ 30ನೇ ದಿನದೊಳಗೆ ಅನುಭವದ ಕೈ ಹೊಟ್ಟೆ ಮುಟ್ಟಿ, ಸಾಲಾಗಿ ಗಂಟುಗಳನ್ನು ಗುರುತಿಸಬಲ್ಲದು. 35 ದಾಟಿದರೆ ಅವು ಒಂದಕ್ಕೊಂದು ಕೂಡಿಕೊಂಡು ಗೊತ್ತಾಗೋದಿಲ್ಲ. ನಾವಾಗಿ ಒತ್ತಿ ನೋಡಬಾರದು. ಎಲ್ಲಕ್ಕಿಂತ ಒಳ್ಳೆಯದು ಸ್ಕ್ಯಾನಿಂಗ್. 28ನೇ ದಿನದ ಹೊತ್ತಿಗೆ ಮರಿಯ ಎದೆ ಮಿಡಿಯೋದು ಕಾಣುತ್ತದೆ. ಎಷ್ಟು ಮರಿ ಅಂತ ಎಣಿಸಲು 55 ದಿನದ ಮೇಲೆ ಒಂದು ಎಕ್ಸ್‌ರೇ.

"ಹೊಟ್ಟಿ ಬಂದಿದ್ದು ಕಣ್ಣೀಗೇ ಕಾಣತೈತಲ್ಲ, ಸ್ಕ್ಯಾನಿಂಗ್ ಯಾಕ?" ಅನ್ನುವವರಿಗೆ ಕಿತ್ತೂರಿನ ನನ್ನ ಗೆಳೆಯನ ಕಥೆ ಹೇಳುತ್ತೇನೆ. ಅವನ ನಾಯಿಗೂ ಹೊಟ್ಟೆ ಬಂದಿತ್ತು. ಕೂಡಿಸಿ ಆರು ವಾರವಾಗಿತ್ತು. ನೀರು ಬಹಳ ಕುಡಿಯುತ್ತಿದ್ದಳು, ಊಟ ಬಿಟ್ಟಿದ್ದಳು. ತೋರಿಸಿದ ಕಡೆ ಬಸುರಿಗೆ ಇದೆಲ್ಲ ಸಹಜ ಅಂತ ಹೇಳಿ ಕಳಿಸಿದರು. ಒಂದು ರಾತ್ರಿ ಫೋನ್ ಮಾಡಿ "ವಾಂತಿ ಮಾಡಾಕತ್ತಾಳ, ಮರಿ ಹಾಕೂ ಲಕ್ಷಣ ಏನೋ" ಅಂದ. ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ಹೊಟ್ಟೆಯಲ್ಲಿ ಮರಿಗಳಿರಲಿಲ್ಲ, ಗರ್ಭಕೋಶದ ತುಂಬ ಕೀವು. ಬೆದೆ ಮುಗಿದ ಒಂದೆರಡು ತಿಂಗಳಲ್ಲಿ ಬರುವ ರೋಗ ಇದು, ಪಯೋಮೆಟ್ರಾ ಅನ್ನುತ್ತಾರೆ. ಸಮಯಕ್ಕೆ ಗೊತ್ತಾದರೆ ಆಪರೇಷನ್ ಮಾಡಿ ಗರ್ಭಕೋಶ ತೆಗೆದು ಉಳಿಸಿಕೊಳ್ಳಬಹುದು. ಒಂದು ಸ್ಕ್ಯಾನಿಂಗ್ ಮರಿಯೋ ಕೀವೋ ಅಂತ ತೋರಿಸಿಬಿಡುತ್ತಿತ್ತು. ಅವನು ಮರಿಗಳಿಗೆ ಅಂತ ಹೊಲಿಸಿದ್ದ ಗೋಣಿತಟ್ಟಿನ ಹಾಸಿಗೆ ಇನ್ನೂ ಅವನ ಪಡಸಾಲೆಯಲ್ಲಿದೆ.

ಅಂಡ ಬಂದ ದಿನ ಗೊತ್ತಿದ್ದರೆ ಇನ್ನೊಂದು ದೊಡ್ಡ ಲಾಭ. ಹೆರಿಗೆ ಆ ದಿನದಿಂದ 63ಕ್ಕೆ, ಒಂದು ದಿನ ಹಿಂದೆ ಮುಂದೆ. ಬರೀ ಕೂಡಿಸಿದ ದಿನದಿಂದ ಎಣಿಸಿದರೆ 57ರಿಂದ 72ರ ತನಕ ಯಾವಾಗ ಬೇಕಾದರೂ ಆಗಬಹುದು. ಈ ಗೊಂದಲದಲ್ಲೇ "ದಿನ ಮುಗಿತು" ಅಂತ ಹೆರಿಗೆ ಸೂಜಿ ಚುಚ್ಚಿಸೋದು, ಬಲಿಯದ ಮರಿ ತೆಗೆಸೋದು ಆಗುತ್ತದೆ. ಚಂಪಿ ಮರಿ ಹಾಕಿದ್ದು ಮೊದಲ ಸಲ ಕೂಡಿಸಿದ 61ನೇ ದಿನ, ಅಂದರೆ ಅಂಡ ಬಂದ ಸರಿಯಾಗಿ 63ಕ್ಕೆ. ಹಿಂದಿನ ದಿನವೇ ಮೈಶಾಖ 99 ಡಿಗ್ರಿಗಿಂತ ಕೆಳಗೆ ಇಳಿದು ಸುಳಿವು ಕೊಟ್ಟಿತ್ತು. ಎಕ್ಸ್‌ರೇಯಲ್ಲಿ ಕಂಡದ್ದು ಆರು, ಹುಟ್ಟಿದ್ದು ಆರು, ಉಳಿದದ್ದು ಐದು.

"ನಮ್ಮ ಅಜ್ಜಾರು ಏನ್ ಸೂಕ್ಷ್ಮದರ್ಶಕ ಇಟ್ಕೊಂಡಿದ್ರೇನ?" ಅಂತ ಕೇಳುವವರು ಇದ್ದಾರೆ. ಒಪ್ಪಿದೆ. ಆದರೆ ಅಜ್ಜಂದಿರ ಕಾಲದಲ್ಲಿ ಗಂಡೂ ಹೆಣ್ಣೂ ಒಂದೇ ಹೊಲದಲ್ಲಿ ಇರುತ್ತಿದ್ದವು. ದಿನ ಆರಿಸುವವಳು ಹೆಣ್ಣು. ಈಗ ನಾವು ಸರಪಳಿಯಲ್ಲಿ ಕಟ್ಟಿ, ಭಾನುವಾರ ಒಂದು ತಾಸು ಗಂಡಿನ ಮುಂದೆ ನಿಲ್ಲಿಸುತ್ತೇವೆ. ಆಯ್ಕೆ ಅವಳ ಕೈಯಿಂದ ಕಿತ್ತುಕೊಂಡವರು ನಾವು, ಹಾಗಾದರೆ ದಿನ ತಿಳಿಯುವ ಹೊಣೆಯೂ ನಮ್ಮದೇ ಅಲ್ಲವೇ? ಖರ್ಚಿನ ಮಾತಾದರೆ, ನನ್ನ ಸ್ಮಿಯರ್‌ಗಳ ಖರ್ಚು ರಾಮದುರ್ಗದ ಒಂದು ಸಲದ ಗಾಡಿ ಬಾಡಿಗೆಗಿಂತ ಕಡಿಮೆಯೇ ಆಯಿತು.

ಮುಧೋಳ ನಾಯಿ ಅಂದರೆ ನಮಗೆಲ್ಲ ಅಭಿಮಾನ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು, 2016ರಲ್ಲಿ ಸೇನೆಯ ತರಬೇತಿಗೆ ಮೀರತ್‌ಗೆ ಮರಿಗಳು ಹೋದವು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಈ ತಳಿಗೆಂದೇ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರವಿದೆ, ರಾಮದುರ್ಗದವರಿಗಂತೂ ಪಕ್ಕದಲ್ಲೇ. ಇಷ್ಟಿದ್ದೂ ಅದರ ಹೆಣ್ಣನ್ನು ನಾವು ಮರಿ ಹಾಕುವ ಯಂತ್ರ ಅಂತ ನೋಡಿದರೆ ಅಭಿಮಾನಕ್ಕೆ ಏನರ್ಥ? 2017ರ ಕೇಂದ್ರದ ನಿಯಮದ ಪ್ರಕಾರ 18 ತಿಂಗಳು ತುಂಬದ ಹೆಣ್ಣನ್ನೂ, 8 ವರ್ಷ ದಾಟಿದ್ದನ್ನೂ ಮರಿ ಹಾಕಿಸಲು ಬಳಸುವಂತಿಲ್ಲ. ಮರಿ ಬೇಡ ಅನ್ನುವವರು ಆಪರೇಷನ್ ಮಾಡಿಸಿಬಿಡಿ, ಕೀವಿನ ರೋಗದ ಭಯವೂ ತಪ್ಪುತ್ತದೆ. ಬೇಕು ಅನ್ನುವವರು ಗೊಡ್ಡು ಅನ್ನುವ ಮೊದಲು ಒಂದು ಬೆದೆಯಾದರೂ ಸ್ಮಿಯರ್ ನೋಡಿಸಿ ಕೂಡಿಸಿ. ಹೆಣ್ಣಿಗೆ ಮರಿ ಆಗದಿದ್ದರೆ ಹೆಚ್ಚಿನ ಸಲ ಕಾರಣ ಕೂಡಿಸಿದ ದಿನ ತಪ್ಪಿದ್ದು ಅಂತ ಪಶುವೈದ್ಯರೇ ಹೇಳುತ್ತಾರೆ. ಲೆಕ್ಕ ತಪ್ಪಿದ್ದು ನಮ್ಮದು, ಗುಡ್ಡದ ದಾರಿ ಹಿಡಿಯೋದು ಅವಳು. ಇದು ಯಾವ ನ್ಯಾಯ?

ಅಂದ ಹಾಗೆ, ಸವದತ್ತಿಯ ಆ ನಾಯಿಯನ್ನು ಮೊನ್ನೆ ಕರೆದುಕೊಂಡು ಬಂದೆ. ಇದನ್ನು ಬರೆಯುವಾಗ ನಮ್ಮ ಕಟ್ಟೆಯ ಮೇಲೆ ಮಲಗಿದ್ದಾಳೆ. ಚಂಪಿ ಮೊದಲು ಗುರ್ರ್ ಅಂದಳು, ಈಗ ಸುಮ್ಮನಾಗಿದ್ದಾಳೆ. ಇವಳು ಗೊಡ್ಡು ಹೌದೋ ಅಲ್ಲವೋ ಅಂತ ನಾನು ಪರೀಕ್ಷೆ ಮಾಡಲು ಹೋಗೋದಿಲ್ಲ. ಅದು ಗೊತ್ತಾಗದಿದ್ದರೂ ಇವಳಿಗೆ ರೊಟ್ಟಿ ಸಿಗುತ್ತದೆ.

ನಿಮ್ಮ ಊರಲ್ಲಿ ಎಷ್ಟನೇ ದಿನ ಅಂತಾರೆ? ಒಮ್ಮೆ ಕೇಳಿ ನೋಡಿ...