ಊಟೆಗೆ ಬೇಲಿ ಮೊದಲು, ಓಝೋನ್ ಯಂತ್ರ ಆಮೇಲೆ

ನೀಲಗಿರಿಯಲ್ಲಿ ಕುಡಿಯುವ ನೀರಿಗೆ ತೊಂದರೆಯೆಂದರೆ ಬಯಲುಸೀಮೆಯವರು ನಂಬುವುದಿಲ್ಲ. ಮಳೆಯ ನಾಡು, ಹಳ್ಳತೊರೆಗಳ ನಾಡು, ಬೆಟ್ಟದ ಮಗ್ಗುಲಿನಿಂದ ಊಟೆ ಉಕ್ಕುವ ನಾಡು. ಅಲ್ಲಿಯವರಿಗೆ ನೀರಿನ ಚಿಂತೆ ಎಲ್ಲಿಯದು ಎಂದು ಕೇಳುತ್ತಾರೆ. ಆದರೆ ಉದಕಮಂಡಲ, ಗೂಡಲೂರು, ಮಸಿನಗುಡಿಗಳ ಕಡೆ ನೆಲಸಿರುವ ನಮ್ಮ ಓದುಗರು ಬಲ್ಲರು: ನೀರು ಇರುವುದು ಬೇರೆ, ಕುಡಿಯತಕ್ಕ ನೀರು ಇರುವುದು ಬೇರೆ.

ಮಸಿನಗುಡಿಯ ಕಡೆಯ ಓದುಗರೊಬ್ಬರು ಈಚೆಗೆ ನಮಗೊಂದು ಕಾಗದ ಬರೆದಿದ್ದಾರೆ. ಅವರ ಊರಿಗೆ ಓಝೋನ್ ಯಂತ್ರ ಮಾರುವವರು ಬಂದಿದ್ದರಂತೆ. ಮನೆಗಿಷ್ಟು ಎಂದು ಹಣ ಕೂಡಿಸಿ ಊರ ತೊಟ್ಟಿಗೆ ಯಂತ್ರ ಕೂರಿಸಿದರೆ, ಇನ್ನು ನೀರಿನಿಂದ ಬರುವ ಕಾಯಿಲೆಯ ಭಯವಿಲ್ಲ, ನೀರು ಕುದಿಸುವ ಕೆಲಸವಿಲ್ಲ, ಬ್ಲೀಚಿಂಗ್ ಪುಡಿಯ ವಾಸನೆಯೂ ಇಲ್ಲ ಎಂದು ಹೇಳಿ ಹೋದರಂತೆ. ಹಣ ಕೊಡಬಹುದೇ, ಕೊಡಬಾರದೇ ಎಂಬುದು ಅವರ ಪ್ರಶ್ನೆ. ಒಬ್ಬರು ಕೇಳಿದ್ದು ಹತ್ತು ಊರವರ ಪ್ರಶ್ನೆಯೂ ಆಗಿರುವುದರಿಂದ ಉತ್ತರವನ್ನು ಇಲ್ಲಿಯೇ ಬರೆಯುತ್ತಿದ್ದೇವೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಓಝೋನ್ ಸುಳ್ಳಲ್ಲ. ಆದರೆ ನೀರಿನ ಮೂಲವನ್ನು ಕಾಯದ ಊರಿಗೆ ಅದು ಕೈಸುಡುವ ಬಾಬತ್ತು.

ಓಝೋನ್ ಎಂದರೇನು ಎಂಬುದನ್ನು ಮೊದಲು ತಿಳಿಯೋಣ. ನಾವು ಉಸಿರಾಡುವ ಆಮ್ಲಜನಕದಲ್ಲಿ ಎರಡು ಪರಮಾಣುಗಳು ಜೊತೆಗೂಡಿರುತ್ತವೆ. ಅದಕ್ಕೆ ಮೂರನೆಯದೊಂದು ಬಂದು ಅಂಟಿದರೆ ಅದೇ ಓಝೋನ್. ಸಿಡಿಲು ಮಿಂಚಿನ ಮಳೆಯ ಹೊತ್ತಿನಲ್ಲಿ ಗಾಳಿಯಲ್ಲಿ ಒಂದು ಬಗೆಯ ಚುರುಕು ವಾಸನೆ ಬರುವುದನ್ನು ಹೊಲದಲ್ಲಿ ನಿಂತವರು ಬಲ್ಲರು, ಅದು ಇದರದೇ. ಷೋನ್‌ಬೈನ್ ಎಂಬ ವಿಜ್ಞಾನಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1840ರಲ್ಲಿ ಇದನ್ನು ಗುರುತಿಸಿ ಹೆಸರಿಟ್ಟನು. ಯಂತ್ರದಲ್ಲಿ ಆಗುವುದೂ ಒಂದು ಸಣ್ಣ ಮಿಂಚೇ. ಗಾಳಿಯನ್ನೋ ಆಮ್ಲಜನಕವನ್ನೋ ಹೆಚ್ಚು ಒತ್ತಡದ ವಿದ್ಯುತ್ತಿನ ನಡುವೆ ಹಾಯಿಸಿ, ಹುಟ್ಟಿದ ಅನಿಲವನ್ನು ನೀರಿನೊಳಗೆ ಗುಳ್ಳೆಗಳಾಗಿ ಬಿಡುತ್ತಾರೆ. ಮೂರನೆಯ ಪರಮಾಣು ಕಳಚಿಕೊಂಡು ಎದುರು ಸಿಕ್ಕ ರೋಗಾಣುವಿನ ಮೈಗೋಡೆಯನ್ನು ಸುಟ್ಟು ಕೊಲ್ಲುತ್ತದೆ. ಉಳಿಯುವುದು ಬರಿಯ ಆಮ್ಲಜನಕ; ರುಚಿಯಿಲ್ಲ, ವಾಸನೆಯಿಲ್ಲ.

ಇದು ಹೊಸ ವಿದ್ಯೆಯೇನೂ ಅಲ್ಲ. ಫ್ರಾನ್ಸ್ ದೇಶದ ನೀಸ್ ಪಟ್ಟಣದವರು 1906ರಲ್ಲಿಯೇ ಊರ ನೀರನ್ನು ಓಝೋನಿನಿಂದ ಶುದ್ಧಿಮಾಡತೊಡಗಿದರು. ಕ್ಲೋರಿನ್ನಿಗೆ ಬಗ್ಗದ ಕೆಲವು ರೋಗಾಣುಗಳೂ ಇದಕ್ಕೆ ಬಗ್ಗುತ್ತವೆ. ಅಮೆರಿಕದ ಮಿಲ್ವಾಕಿ ನಗರದಲ್ಲಿ 1993ರಲ್ಲಿ ನಲ್ಲಿಯ ನೀರಿನಿಂದ ಸುಮಾರು 4 ಲಕ್ಷ ಜನರಿಗೆ ಭೇದಿ ಹತ್ತಿತು. ಕಾರಣವಾದ ಕ್ರಿಪ್ಟೊಸ್ಪೊರಿಡಿಯಂ ಎಂಬ ಸೂಕ್ಷ್ಮಜೀವಿಗೆ ಕ್ಲೋರಿನ್ ನಾಟುವುದಿಲ್ಲ. ಆ ಮೇಲೆ ಆ ನಗರದವರು ಓಝೋನ್ ಸ್ಥಾಪಿಸಿದರು. ನಮ್ಮಲ್ಲಿಯೂ ಬಾಟಲಿಯ ನೀರಿನ ಚೀಟಿಯ ಮೇಲೆ ಓಝೋನ್ ಹಾಯಿಸಿದ್ದೆಂದು ಅಚ್ಚಾಗಿರುವುದನ್ನು ಓದುಗರು ಕಂಡಿರಬಹುದು. ಹೀಗಿರಲು ಓಝೋನನ್ನು ನಾವು ಹಳಿಯುವುದು ಹೇಗೆ? ಹಳಿಯುತ್ತಿಲ್ಲ. ಅದರ ಸ್ವಭಾವವನ್ನು ಅರಿತು ಬಳಸಿರೆಂದಷ್ಟೇ ಹೇಳುತ್ತಿದ್ದೇವೆ.

ಓಝೋನ್ ಕೊಲ್ಲುತ್ತದೆ, ಕಾಯುವುದಿಲ್ಲ. ನೀರಿಗೆ ಸೇರಿದ ಓಝೋನ್ ಸ್ವಲ್ಪ ಹೊತ್ತಿನಲ್ಲಿಯೇ ಮಾಯವಾಗುತ್ತದೆ. ತೊಟ್ಟಿಯಿಂದ ಹೊರಟ ನೀರು ಎರಡು ಮೈಲಿ ಕೊಳವೆಯಲ್ಲಿ ಹರಿದು, ನಡುವೆ ಎಲ್ಲಿಯೋ ಒಡೆದ ಜಾಗದಲ್ಲಿ ಚರಂಡಿಯ ನೀರನ್ನು ಹೀರಿಕೊಂಡರೆ ಆಗ ತಡೆಯುವವರು ಯಾರು? ಮನೆಯ ಕೊಡದಲ್ಲಿ ಒಂದು ರಾತ್ರಿ ನಿಂತ ನೀರಿಗೆ ಮಗು ಕೈಯದ್ದಿದರೆ ಕಾಯುವವರು ಯಾರು? ಕ್ಲೋರಿನ್ ವಾಸನೆಯೆಂದು ಮೂಗು ಮುರಿಯುತ್ತೇವೆ. ಆದರೆ ಆ ವಾಸನೆಯೇ ಕಾವಲುಗಾರ. ಭಾರತೀಯ ಮಾನಕದಲ್ಲಿ, ಕ್ಲೋರಿನ್ ಹಾಕಿದ ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಮ್ ಕ್ಲೋರಿನ್ ಉಳಿದಿರಬೇಕೆಂದಿರುವುದು ಇದಕ್ಕಾಗಿಯೇ. ಅನೇಕ ದೊಡ್ಡ ಊರುಗಳ ನೀರಿನ ಕಾರ್ಖಾನೆಗಳಲ್ಲಿ ಓಝೋನ್ ಹಾಯಿಸಿದ ಮೇಲೂ ಕೊನೆಗೆ ಕ್ಲೋರಿನ್ ಬೆರೆಸಿಯೇ ಕೊಳವೆಗೆ ಬಿಡುತ್ತಾರೆ. ಬ್ಲೀಚಿಂಗ್ ಪುಡಿಯೇ ಬೇಡವೆಂದು ಹೇಳುವ ಮಾರಾಟಗಾರನ ಮಾತು ಅಲ್ಲಿಗೇ ಸಡಿಲವಾಯಿತು.

ಇನ್ನು ನಮ್ಮ ಬೆಟ್ಟದ ಹವೆ. ಓಝೋನ್ ಯಂತ್ರಕ್ಕೆ ಒಣಗಾಳಿ ಬೇಕು. ತೇವದ ಗಾಳಿ ಒಳಹೊಕ್ಕರೆ ಓಝೋನ್ ಹುಟ್ಟುವುದು ಕುಗ್ಗುತ್ತದೆ. ಮೇಲಾಗಿ ಗಾಳಿಯಲ್ಲಿರುವ ಸಾರಜನಕದಿಂದ ಆಮ್ಲ ಹುಟ್ಟಿ ಯಂತ್ರದ ಒಳಭಾಗವನ್ನು ತಿನ್ನುತ್ತದೆ. ಗೂಡಲೂರು, ದೇವಾಲಗಳ ಕಡೆ ಮುಂಗಾರಿನಲ್ಲಿ ಮನೆಯೊಳಗೆ ಬಟ್ಟೆಯೇ ಒಣಗುವುದಿಲ್ಲ. ಅಲ್ಲಿ ಗಾಳಿ ಒಣಗಿಸುವ ಸಲಕರಣೆಯಿಲ್ಲದ ಯಂತ್ರ ಎಷ್ಟು ದಿನ ಬಾಳೀತು? ಮರ ಬಿದ್ದು ತಂತಿ ಹರಿದರೆ ಕರೆಂಟಿಲ್ಲ. ಕರೆಂಟಿಲ್ಲದ ಗಳಿಗೆಯಿಂದ ಓಝೋನೂ ಇಲ್ಲ. ಜೋರು ಮಳೆಯಲ್ಲಿ ಕೊಳೆಯೆಲ್ಲ ಕೊಚ್ಚಿಕೊಂಡು ಬಂದು ನೀರು ಕೆಡುವುದೂ, ಯಂತ್ರ ನಿಲ್ಲುವುದೂ ಒಂದೇ ದಿನ ಎಂಬುದನ್ನು ಮರೆಯಬಾರದು. ಉದಕಮಂಡಲದ ಕಡೆಗೆ ಇನ್ನೊಂದು ಮಾತುಂಟು. ಚಳಿಯಲ್ಲಿ ಓಝೋನಿನ ಕೆಲಸ ನಿಧಾನ. ಜಿಯಾರ್ಡಿಯ ಎಂಬ ಭೇದಿಯ ಜೀವಿಯನ್ನು ಕೊಲ್ಲಲು 20 ಡಿಗ್ರಿಯ ನೀರಿಗಿಂತ 5 ಡಿಗ್ರಿಯ ನೀರಿನಲ್ಲಿ ಸುಮಾರು ಎರಡೂವರೆ ಪಟ್ಟು ಹೆಚ್ಚು ಕೆಲಸ ಬೇಕು. ಬಯಲುಸೀಮೆಯ ಲೆಕ್ಕದಲ್ಲಿ ಹೊಂದಿಸಿದ ಯಂತ್ರ ಪುಷ್ಯ ಮಾಸದ ಹಿಮಕ್ಕೆ ಸಾಲದು.

ಓಝೋನ್ ಮಾಡದ ಕೆಲಸವೂ ಇದೆ. ಕೊಳವೆಬಾವಿಯ ಫ್ಲೋರೈಡನ್ನೂ ಉಪ್ಪನ್ನೂ ಅದು ತೆಗೆಯುವುದಿಲ್ಲ. ಗೊಬ್ಬರದಿಂದ ಇಳಿದ ನೈಟ್ರೇಟನ್ನು ತೆಗೆಯುವುದಿಲ್ಲ. ಕೀಟನಾಶಕಗಳಲ್ಲಿ ಕೆಲವನ್ನು ಮುರಿಯುತ್ತದೆ, ಕೆಲವನ್ನು ಮುಟ್ಟುವುದಿಲ್ಲ. ನೀರು ಕೆಂಪಗೆ ಕೆಸರಾಗಿದ್ದರೆ ಮಣ್ಣಿನೊಡನೆ ಹೋರಾಡುವುದರಲ್ಲಿಯೇ ಅದರ ಶಕ್ತಿ ಮುಗಿದು, ರೋಗಾಣು ಉಳಿದುಕೊಳ್ಳುತ್ತದೆ. ಯಂತ್ರ ಸೋರಿದರೆ ಆ ಅನಿಲ ಎದೆಗೂ ಕಣ್ಣಿಗೂ ಕೆಟ್ಟದ್ದು. ಗಾಳಿಯಾಡದ ಕೋಣೆಯಲ್ಲಿ ಅದನ್ನು ಇಡಬಾರದು.

ಹಾಗಾದರೆ ನಮ್ಮ ನೀರು ಕೆಡುವುದೆಲ್ಲಿ? ಇಲ್ಲಿ ನಾವು ನಮ್ಮ ಕಡೆಗೂ ನೋಡಿಕೊಳ್ಳಬೇಕು. ಮೇಲಿನ ಬೆಟ್ಟಗಳಲ್ಲಿ ಊಟೆಯ ತಲೆಯವರೆಗೂ ಆಲೂಗೆಡ್ಡೆ, ಕ್ಯಾರೆಟ್, ಕೋಸು ಬೆಳೆಯುತ್ತೇವೆ. ಹಸಿ ಕೋಳಿಗೊಬ್ಬರ ಸುರಿಯುತ್ತೇವೆ. ಔಷಧಿ ಹೊಡೆದ ಡಬ್ಬವನ್ನು ಅದೇ ತೊರೆಯಲ್ಲಿ ತೊಳೆಯುತ್ತೇವೆ. ಕ್ಯಾರೆಟ್ ತೊಳೆಯುವ ಯಂತ್ರಗಳ ಕೆಸರು ನೀರು ಹಳ್ಳಕ್ಕೆ ಇಳಿದು ಕೆಳಗಿನ ಊರಿನ ನಲ್ಲಿಗೆ ಬರುತ್ತದೆ. ಗೂಡಲೂರಿನ ಕಡೆ ಮೂಡೆಕಟ್ಟೆಯಿಲ್ಲದ ತೆರೆದ ಬಾವಿಗಳು ಮಳೆಗಾಲದಲ್ಲಿ ಅಂಗಳದ ನೀರನ್ನೆಲ್ಲ ಕುಡಿಯುತ್ತವೆ. ಮಳೆನೆರಳಿನ ಮಸಿನಗುಡಿಯಲ್ಲಿ ಬೇಸಗೆ ಬಂದಿತೆಂದರೆ ಇದ್ದ ಸ್ವಲ್ಪ ನೀರಿಗೆ ಜನವೂ ದನವೂ ಕಾಡುಪ್ರಾಣಿಯೂ ಒಂದೇ ಕಡೆ ಇಳಿಯುತ್ತವೆ. ಸಗಣಿ ಕದಡಿದ ನೀರಿಗೆ ಲಕ್ಷ ರೂಪಾಯಿಯ ಯಂತ್ರ ಇಡುವುದಕ್ಕಿಂತ, ಸಗಣಿ ಬೀಳದಂತೆ ನೋಡಿಕೊಳ್ಳುವುದು ಅಗ್ಗ.

ಆದ್ದರಿಂದ ಮೊದಲ ಕೆಲಸ ಊಟೆಯ ರಕ್ಷಣೆ. ಊಟೆಯ ಕಣ್ಣನ್ನು ಕಲ್ಲುಗಾರೆಯ ಪೆಟ್ಟಿಗೆ ಕಟ್ಟಿ ಮುಚ್ಚಬೇಕು. ನೀರು ಕೊಳವೆಯಿಂದಲೇ ಹೊರಬರಬೇಕು. ಅದರ ಮೇಲ್ಗಡೆ ಒಂದು ಕಾಲುವೆ ತೋಡಿ ಮಳೆಯ ಮೇಲ್ನೀರನ್ನು ಬದಿಗೆ ತಿರುಗಿಸಬೇಕು. ಸುತ್ತ ಬೇಲಿ ಬೇಕು. ದನಕರುಗಳಿಗೆ ಕೆಳಗಡೆ ಬೇರೆ ತೊಟ್ಟಿ ಇರಲಿ. ಅರಣ್ಯದ ನೆಲವಾದರೆ ಅರಣ್ಯ ಇಲಾಖೆಯ ಒಪ್ಪಿಗೆ ಪಡೆದೇ ಬೇಲಿ ಹಾಕಬೇಕು. ಪಾಯಿಖಾನೆಯ ಗುಂಡಿ ಊಟೆಗೂ ಬಾವಿಗೂ 30 ಮೀಟರಿಗಿಂತ ಹತ್ತಿರ ಇರಕೂಡದು, ಮೇಲ್ಗಡೆಯಂತೂ ಇರಲೇಕೂಡದು. ನೀರಿನ ತಲೆಯಲ್ಲಿ ಚಪ್ಪಲಿ ಮೆಟ್ಟಬಾರದೆಂದು ಹಿರಿಯರು ಕಟ್ಟಳೆ ಮಾಡಿದ್ದ ಊರುಗಳುಂಟು. ಕಟ್ಟಳೆಯ ಒಳಗಿನ ಬುದ್ಧಿಯನ್ನು ನಾವು ಉಳಿಸಿಕೊಂಡರೆ ಸಾಕು.

ಎರಡನೆಯದು ಪರೀಕ್ಷೆ. ತಿಳಿಯಾಗಿ ಕಾಣುವ ನೀರೆಲ್ಲ ಒಳ್ಳೆಯ ನೀರಲ್ಲ. 100 ಮಿಲಿಲೀಟರ್ ನೀರಿನಲ್ಲಿ ಮಲದ ರೋಗಾಣು ಒಂದೂ ಕಾಣಬಾರದೆಂಬುದು ನಿಯಮ. ನೀರು ಕೆಟ್ಟಿದ್ದರೆ ಕಪ್ಪಾಗುವ ಪರೀಕ್ಷೆಯ ಬಾಟಲಿಗಳು ಸಿಗುತ್ತವೆ, ಬೆಲೆ ಹೆಚ್ಚಲ್ಲ. ಚಳಿಯ ಊರಿನಲ್ಲಿ ಆ ಬಾಟಲಿಯನ್ನು ಒಲೆಯ ಹತ್ತಿರ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡತಕ್ಕದ್ದು. ಇಲ್ಲವಾದರೆ ಬಣ್ಣ ತಿರುಗದೆ, ನೀರು ಒಳ್ಳೆಯದೆಂದು ಮೋಸಹೋಗುತ್ತೇವೆ. 2019ರಲ್ಲಿ ಆರಂಭವಾದ ಜಲ ಜೀವನ ಯೋಜನೆಯಲ್ಲಿ ಊರಿಗೆ ಐದು ಮಂದಿ ಹೆಂಗಸರಿಗೆ ನೀರಿನ ಪರೀಕ್ಷೆ ಕಲಿಸುವ ಏರ್ಪಾಡಿದೆ. ನಿಮ್ಮ ಊರಿನ ಆ ಐವರು ಯಾರೆಂದು ಪಂಚಾಯತಿಯಲ್ಲಿ ವಿಚಾರಿಸಿ. ಕೊಡ ಹೊತ್ತು ನೀರು ತರುವವರ ಕೈಯಲ್ಲಿಯೇ ಪರೀಕ್ಷೆಯೂ ಇರುವುದು ನ್ಯಾಯ.

ಮೂರನೆಯದು ತೊಟ್ಟಿಯ ಆರೈಕೆ. ತಿಳಿನೀರಿನ ತೊಟ್ಟಿಗೆ 1000 ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಸಾಕು; 10,000 ಲೀಟರಿನ ತೊಟ್ಟಿಗೆ 25 ಗ್ರಾಂ. ಪುಡಿಯನ್ನು ಬೇರೆ ಪಾತ್ರೆಯಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿಯನ್ನು ಮಾತ್ರ ತೊಟ್ಟಿಗೆ ಹೊಯ್ದು, ಒಂದು ಗಂಟೆ ಬಿಟ್ಟು ನೀರು ಬಿಡಬೇಕು. ಪುಡಿಯ ಡಬ್ಬಕ್ಕೆ ಬಿಗಿಮುಚ್ಚಳ ಇರಲಿ. ತೇವ ತಾಗಿದ ಹಳೆಯ ಪುಡಿ ಬರಿಯ ಸುಣ್ಣಕ್ಕೆ ಸಮ. ಮನೆಯಲ್ಲಿ ಕುದಿಸುವವರಿಗೆ ಒಂದು ಕಿವಿಮಾತು: 2,240 ಮೀಟರ್ ಎತ್ತರದ ಉದಕಮಂಡಲದಲ್ಲಿ ನೀರು 92-93 ಡಿಗ್ರಿಗೇ ಕುದಿಯುತ್ತದೆ. ಗುಳ್ಳೆ ಕಂಡೊಡನೆ ಇಳಿಸದೆ ಮೂರು ನಿಮಿಷ ಕೊತಕೊತನೆ ಕುದಿಸಿ. ಅದರ ಸುಮಾರು ಅರ್ಧ ಎತ್ತರದ ಗೂಡಲೂರು, ಮಸಿನಗುಡಿಗಳಲ್ಲಿ ಒಂದು ನಿಮಿಷ ಸಾಕು.

ಇಷ್ಟೆಲ್ಲ ಮಾಡಿದ ಮೇಲೆ ಯಂತ್ರ ಬೇಕೆನಿಸಿದರೆ ತರಬಹುದು. ದಿನವೂ ನೋಡಿಕೊಳ್ಳುವ ಬಲ್ಲ ಆಳಿರುವ ಆಸ್ಪತ್ರೆಗೆ, ಹೋಟೆಲಿಗೆ, ಪಟ್ಟಣದ ನೀರಿನ ಕಾರ್ಖಾನೆಗೆ ಅದು ತಕ್ಕದ್ದೇ. ಆದರೆ ಹಣ ಎಣಿಸುವ ಮುನ್ನ ಮಾರುವವರನ್ನು ಹೀಗೆ ಕೇಳಿ: ನಮ್ಮ ನೀರನ್ನು ಪರೀಕ್ಷಿಸಿ ಯಂತ್ರದ ಅಳತೆ ಹೇಳಿದಿರೋ, ಸುಮ್ಮನೆಯೋ? ಗಾಳಿ ಒಣಗಿಸುವ ಸಲಕರಣೆ ಜೊತೆಯಲ್ಲಿದೆಯೇ? ನೀರಿನಲ್ಲಿ ಓಝೋನ್ ಎಷ್ಟಿದೆಯೆಂದು ಅಳೆಯುವುದು ಹೇಗೆ? ಕೆಟ್ಟರೆ ಎಷ್ಟು ದಿನದಲ್ಲಿ ಬರುತ್ತೀರಿ, ಎಲ್ಲಿಂದ? ವರ್ಷದ ಖರ್ಚೆಷ್ಟು? ಕರಾರು ತಮಿಳಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಇದ್ದರೆ ಓದಬಲ್ಲವರಿಂದ ಕನ್ನಡದಲ್ಲಿ ಹೇಳಿಸಿ ಕೇಳದೆ ಹೆಬ್ಬೆಟ್ಟು ಒತ್ತಬೇಡಿ.

ನೀಲಗಿರಿ ಜಿಲ್ಲೆಯಲ್ಲಿ 2019ರಲ್ಲಿ ಪ್ಲಾಸ್ಟಿಕ್ ಬಾಟಲಿಯ ನೀರನ್ನು ನಿಷೇಧಿಸಿ, ಅದಕ್ಕೆ ಬದಲಾಗಿ ಸುಮಾರು 70 ಕಡೆ ನಾಣ್ಯ ಹಾಕಿ ನೀರು ಹಿಡಿಯುವ ಯಂತ್ರಗಳನ್ನು ನಿಲ್ಲಿಸಿದರು. ಕಾಡಿಗೂ ದನಗಳಿಗೂ ಅದರಿಂದ ಒಳ್ಳೆಯದೇ ಆಯಿತು; ನಾವು ಅದನ್ನು ಮೆಚ್ಚುತ್ತೇವೆ. ಆದರೆ ಯಂತ್ರ ನಿಲ್ಲಿಸುವುದು ಒಂದು ದಿನದ ಕೆಲಸ, ನಡೆಸುವುದು ನಿತ್ಯದ ಕೆಲಸ. ದಾರಿಹೋಕನಿಗೆ ಒಂದು ಯಂತ್ರ ಕೈಕೊಟ್ಟರೆ ಮುಂದಿನದು ಸಿಕ್ಕೀತು. ಹಳ್ಳಿಯವರಿಗೆ ಇರುವುದು ಒಂದೇ ತೊಟ್ಟಿ.

ತಮಿಳುನಾಡಿನಲ್ಲಿ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2ರಂದು ನಡೆಯುವ ಗ್ರಾಮಸಭೆಗಳ ಜೊತೆಗೆ 2022ರಿಂದ ಮಾರ್ಚ್ 22 ಮತ್ತು ನವೆಂಬರ್ 1ರ ಸಭೆಗಳೂ ಸೇರಿವೆ. ಮಾರ್ಚ್ 22 ವಿಶ್ವ ಜಲದಿನ. ನಾವು ಗಡಿಯಾಚೆಯ ಭಾಷೆಯವರು, ನಮ್ಮ ಮಾತು ನಡೆಯದು ಎಂದು ಹಿಂದಿನ ಸಾಲಿನಲ್ಲಿ ಕೂರಬೇಡಿ. ನಮ್ಮ ಊಟೆಗೆ ಪೆಟ್ಟಿಗೆ ಕಟ್ಟಿಸಿ, ನೀರಿನ ಪರೀಕ್ಷೆಯ ಫಲವನ್ನು ಎಲ್ಲರಿಗೂ ಓದಿಹೇಳಿ ಎಂದು ಕೇಳಿ, ಅದನ್ನು ನಡವಳಿ ಪುಸ್ತಕದಲ್ಲಿ ಬರೆಸಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದು. ಮಕ್ಕಳಿಗೆ ಕಾಮಾಲೆ ಬಂದ ಮೇಲೆ ನೀರಿನ ವಿಚಾರ ಮಾಡುವುದೂ ಹಾಗೆಯೇ.

ಕಾಗದ ಬರೆದ ನಮ್ಮ ಮಸಿನಗುಡಿಯ ಓದುಗರಿಗೆ ನಾವು ಹೇಳುವುದಿಷ್ಟು: ಕೂಡಿಸಿದ ಹಣವಿದ್ದರೆ ಮೊದಲು ಬೇಲಿಗೂ ಪೆಟ್ಟಿಗೆಗೂ ಖರ್ಚು ಮಾಡಿ. ಒಂದು ಮಳೆಗಾಲ, ಒಂದು ಬೇಸಗೆ ನೀರನ್ನು ಪರೀಕ್ಷಿಸಿ ನೋಡಿ. ಆಗಲೂ ಬಾಟಲಿ ಕಪ್ಪಾದರೆ ಯಂತ್ರದ ಮಾತನ್ನು ಮತ್ತೆ ಎತ್ತೋಣ, ನಾವೂ ಜೊತೆಗಿರುತ್ತೇವೆ.